ಈಳಂ ಯುದ್ಧ ಮತ್ತು ಬೆಂಗಳೂರು: 1986–1991

1987ರ ಜೂನ್ 4ರ ಮಧ್ಯಾಹ್ನ ಬೆಂಗಳೂರಿನಿಂದ ಭಾರತೀಯ ವಾಯುಪಡೆಯ ಐದು ಎಎನ್-32 ಸಾಗಣೆ ವಿಮಾನಗಳು ಶ್ರೀಲಂಕಾದ ಜಾಫ್ನಾದತ್ತ ಹಾರಿದವು. ಬೆಂಗಾವಲಿಗೆ ಮಿರಾಜ್-2000 ಯುದ್ಧವಿಮಾನಗಳಿದ್ದವು. ಪ್ಯಾರಾಚೂಟಿನಲ್ಲಿ ಇಳಿಬಿಟ್ಟದ್ದು ಸುಮಾರು 25 ಟನ್ ಸಾಮಗ್ರಿ. ಆ ಕಾಲದ ಲಾರಿಗಳಲ್ಲಾದರೆ ಹೆಚ್ಚೆಂದರೆ ಮೂರು ಲೋಡು. ಶ್ರೀಲಂಕಾ ಸೇನೆಯ ಮುತ್ತಿಗೆಗೆ ಸಿಕ್ಕ ಲಕ್ಷಾಂತರ ಜನರಿಗೆ ಅದು ಒಂದು ಹೊತ್ತಿನ ಊಟಕ್ಕೂ ಸಾಲದು. ಹಿಂದಿನ ದಿನವಷ್ಟೇ ರಾಮೇಶ್ವರದ ಕಡೆಯಿಂದ ಹೋದ ಪರಿಹಾರದ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ತಡೆದು ವಾಪಸ್ಸು ಕಳಿಸಿತ್ತು. ಹಾಗಾಗಿ ಮೂಟೆಗಳು ಬಿದ್ದದ್ದು ಜಾಫ್ನಾದಲ್ಲಿ, ಸದ್ದು ಕೇಳಬೇಕಿದ್ದದ್ದು ಕೊಲಂಬೊಗೆ. ಜುಲೈ 29ಕ್ಕೆ ಭಾರತ-ಶ್ರೀಲಂಕಾ ಒಪ್ಪಂದವಾಯಿತು; ಭಾರತದ ಶಾಂತಿಪಾಲನಾ ಪಡೆ ದ್ವೀಪಕ್ಕೆ ಇಳಿಯಿತು.

ಈ ಅಧ್ಯಾಯವನ್ನು ದಿಲ್ಲಿ, ಕೊಲಂಬೊ, ಮದ್ರಾಸುಗಳಲ್ಲಿ ನಿಂತು ಬರೆಯುವುದೇ ರೂಢಿ. ಬೆಂಗಳೂರು ಅಲ್ಲಿ ಬರೀ ಸ್ಥಳನಾಮ. ಆದರೆ ಈ ಊರು ತಮಿಳುನಾಡಿನ ಮಗ್ಗುಲಲ್ಲಿದ್ದೂ ಅದರ ರಾಜಕೀಯದಿಂದ ಹೊರಗಿತ್ತು ಎಂಬುದನ್ನು ಗಮನಿಸಬೇಕು. 1809ರಲ್ಲಿ ಬ್ರಿಟಿಷ್ ದಂಡು ನೆಲೆಯೂರಿದ ಮೇಲೆ ಮದ್ರಾಸ್ ಸೇನೆಯ ಬೆನ್ನಿಗೆ ಬಂದವರಿಂದ ಹಲಸೂರು, ಶಿವಾಜಿನಗರಗಳಲ್ಲಿ ತಮಿಳು ಮನೆಮಾತಾಗಿ ಬೆಳೆಯಿತು. ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇಂದಿಗೂ ಹಲಸೂರು ಕೆರೆಯ ಪಕ್ಕದಲ್ಲಿದೆ. ಹೆಸರು ಮದ್ರಾಸಿನದು, ನೆಲ ಕರ್ನಾಟಕದ್ದು.

ತಮಿಳು ನೆರೆಯಲ್ಲಿದ್ದೂ ತಮಿಳುನಾಡಿನ ರಾಜಕೀಯದಿಂದ ಹೊರಗಿರುವ ಈ ಅನುಕೂಲ, 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ನಡೆದ ದಕ್ಷಿಣ ಏಷ್ಯಾ ರಾಷ್ಟ್ರಗಳ ಒಕ್ಕೂಟ ಸಾರ್ಕಿನ ಶೃಂಗಸಭೆಯಲ್ಲಿ ಎದ್ದು ಕಾಣುತ್ತದೆ. ದ್ವಿಪಕ್ಷೀಯ ತಕರಾರು ಎತ್ತಬಾರದೆಂದು ಸಾರ್ಕಿನ ಸನ್ನದೇ ಹೇಳುತ್ತದೆ. ಆದ್ದರಿಂದ ಶ್ರೀಲಂಕಾ ತಮಿಳರ ಬಗೆಗಿನ ಮುಖ್ಯವಾದ ಮಾತೆಲ್ಲ ಸಭೆಯ ಆಚೆಗೇ ನಡೆಯಿತು. ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಬಂದಿದ್ದರು, ಪ್ರತ್ಯೇಕ ತಮಿಳು ಈಳಂಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನೂ ಮದ್ರಾಸಿನಿಂದ ಕರೆಸಿಕೊಂಡರು, ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ.ಆರ್. ಕೂಡ ಬಂದರು. ಶ್ರೀಲಂಕಾದ ಪೂರ್ವ ಪ್ರಾಂತ್ಯವನ್ನು ತಮಿಳು, ಸಿಂಹಳ, ಮುಸ್ಲಿಂ ಎಂದು ಮೂರು ಪಾಲು ಮಾಡುವ ಸೂಚನೆ ಮುಂದೆ ಬಂತು. ಉತ್ತರ-ಪೂರ್ವ ಒಂದೇ ಎಂದು ಪಟ್ಟು ಹಿಡಿದಿದ್ದ ಪ್ರಭಾಕರನ್ ಒಪ್ಪಲಿಲ್ಲ. ಅವನನ್ನು ಒಪ್ಪಿಸಬಹುದೆಂದು ದಿಲ್ಲಿ ನಂಬಿದ್ದೇ ನನಗೆ ಸೋಜಿಗ.

1987ರ ಅಕ್ಟೋಬರಿನಲ್ಲಿ ಶಾಂತಿಪಾಲನಾ ಪಡೆಯೇ ಎಲ್‌ಟಿಟಿಇ ವಿರುದ್ಧ ಕಾಳಗಕ್ಕಿಳಿಯಿತು. ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರ ಮಾರ್ಚಿನಲ್ಲಿ ಹಿಂದಿರುಗಿತು. 1991ರ ಮೇ 21ರಂದು, ಆ ಪಡೆಯನ್ನು ಕಳಿಸಿದ್ದ ಪ್ರಧಾನಿ ರಾಜೀವ್ ಗಾಂಧಿಯವರನ್ನು ಎಲ್‌ಟಿಟಿಇ ತಮಿಳುನಾಡಿನಲ್ಲಿ ಹತ್ಯೆ ಮಾಡಿತು; ಆಗ ಅವರು ಮಾಜಿ ಪ್ರಧಾನಿ. ತಮಿಳುನಾಡಿನಲ್ಲಿ ತಪಾಸಣೆ ಬಿಗಿಯಾದಾಗ ಹತ್ಯೆಯ ಸೂತ್ರಧಾರ ಶಿವರಾಸನ್ ಓಡಿಬಂದದ್ದೂ ಬೆಂಗಳೂರಿಗೇ. ಆದರೆ ಇಲ್ಲಿ ನನ್ನ ವಾದ ಪೂರ್ತಿ ಹೊಂದುವುದಿಲ್ಲ: ಅವನು ಕೊನೆಗೆ ಅಡಗಿದ್ದು ತಮಿಳು ಕಿವಿಗೆ ಬೀಳುವ ದಂಡಿನ ಬೀದಿಗಳಲ್ಲಲ್ಲ, ಊರಿನ ದಕ್ಷಿಣದ ಅಂಚಿನ ಕೋಣನಕುಂಟೆಯಲ್ಲಿ. ಆಗಸ್ಟ್ 20ರ ಬೆಳಗ್ಗೆ ಕಮಾಂಡೋಗಳು ಒಳನುಗ್ಗುವ ಹೊತ್ತಿಗೆ ಆ ಮನೆಯಲ್ಲಿದ್ದ ಏಳೂ ಜನ ಸತ್ತುಬಿದ್ದಿದ್ದರು.