ಸರ್ವಜ್ಞನ ಬೆನ್ನು ಹತ್ತಿದ ಪಾದ್ರಿ

ರೆವರೆಂಡ್ ಉತ್ತಂಗಿ ಚನ್ನಪ್ಪ (1881–1962)

ಹುಟ್ಟಿದ್ದು ಧಾರವಾಡದಲ್ಲಿ, ಮನೆತನದ ಬೇರು ಹೂವಿನಹಡಗಲಿ ಸೀಮೆಯ ಉತ್ತಂಗಿಯಲ್ಲಿ. ಲಿಂಗಾಯತ ಹಿನ್ನೆಲೆಯ ಕ್ರೈಸ್ತ ಕುಟುಂಬವದು. ಮಂಗಳೂರಿನಲ್ಲಿ ದೈವಜ್ಞಾನ ಓದಿ ಬಾಸೆಲ್ ಮಿಷನ್ನಿನ ಪಾದ್ರಿಯಾದರು.

ಸುವಾರ್ತೆ ಸಾರಲು ಹಳ್ಳಿಹಳ್ಳಿ ತಿರುಗುವಾಗ ಜನರ ನಾಲಗೆಯ ಮೇಲೆ ನಲಿಯುತ್ತಿದ್ದ ಸರ್ವಜ್ಞನ ತ್ರಿಪದಿಗಳು ಅವರನ್ನು ಹಿಡಿದು ನಿಲ್ಲಿಸಿದವು. ಕೇಳಿದ್ದನ್ನು ಬರೆದುಕೊಂಡರು, ಹಸ್ತಪ್ರತಿಗಳನ್ನು ಹುಡುಕಿದರು, ಪಾಠಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಿ ನೋಡಿದರು. ವರ್ಷಗಟ್ಟಲೆಯ ಆ ದುಡಿಮೆ 1924ರಲ್ಲಿ ‘ಸರ್ವಜ್ಞನ ವಚನಗಳು’ ಎಂದು ಅಚ್ಚಾಯಿತು. ಚದುರಿಹೋಗಿದ್ದ ಜನಕವಿಯನ್ನು ಕನ್ನಡಿಗರು ಒಂದೇ ಹೊತ್ತಗೆಯಲ್ಲಿ ಓದುವಂತಾದದ್ದು ಈ ಪಾದ್ರಿಯ ಶ್ರದ್ಧೆಯಿಂದ. ಇದು ಸಣ್ಣ ಋಣವಲ್ಲ.

ಇದಕ್ಕಾಗಿ ಅವರು ತಮ್ಮ ನಂಬಿಕೆಯನ್ನು ಸಡಿಲಿಸಲಿಲ್ಲ. 1921ರ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯಲ್ಲಿ ಹಿಂದೂ ಸಮಾಜದೊಡನೆ ಕ್ರಿಸ್ತನ ಬಗ್ಗೆ ಗೌರವದಿಂದ ಮಾತಿಗೆ ಕೂತವರು ಅವರೇ. ಬೈಬಲ್ ಹಿಡಿದ ಕೈಯಲ್ಲೇ ಶರಣರ ವಚನಗಳನ್ನೂ ಸಂಪಾದಿಸಿದರು. ಮೋಳಿಗೆ ಮಾರಯ್ಯ, ಸಿದ್ಧರಾಮರ ಸಾಹಿತ್ಯಕ್ಕೆ ಮುಪ್ಪಿನಲ್ಲೂ ದುಡಿದರು. ‘ತಿರುಳ್ಗನ್ನಡದ ತಿರುಕ’ ಎಂಬುದು ಅವರಿಗೆ ಒಪ್ಪಿದ ಹೆಸರು.

1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು.