ಹೆಬ್ಬೆಟ್ಟು ಕೊಡದವರು

1930ರ ಏಪ್ರಿಲ್ ತಿಂಗಳಲ್ಲಿ ಕೋಲಾರ ಚಿನ್ನದ ಗಣಿಯ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿ ಇಪ್ಪತ್ತೊಂದು ದಿನ ಮೇಲೇ ಕೂತರು. ಕೂಲಿ ಹೆಚ್ಚಿಸಿ ಎಂದಲ್ಲ, ಕೆಲಸದ ಹೊತ್ತು ಕಡಿಮೆ ಮಾಡಿ ಎಂದೂ ಅಲ್ಲ. ತಮ್ಮ ಹೆಬ್ಬೆಟ್ಟನ್ನು ಶಾಯಿಗೆ ಅದ್ದುವುದಿಲ್ಲ ಎಂದು. ಕೋಲಾರ ಜಿಲ್ಲೆಯವನಾದ ನನಗೆ ಈ ಮುಷ್ಕರದ ವಿಷಯ ಶಾಲೆಯಲ್ಲಿ ಯಾರೂ ಹೇಳಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂದದ್ದನ್ನು ಮಾತ್ರ ಪ್ರತಿ ವರ್ಷ ಬಾಯಿಪಾಠ ಮಾಡಿಸುತ್ತಿದ್ದರು.

ಕಂಪನಿಗಳ ಕಡೆಯಿಂದ ನೋಡಿದರೆ ಅವರ ತಲೆನೋವು ಸುಳ್ಳಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಗಣಿಗಳಿಂದ ಅದಿರು ಕಳವಾಗುತ್ತಿತ್ತು. ಒಬ್ಬನೇ ಮಾಡುವ ಕಳ್ಳತನವಲ್ಲ ಅದು: ಕೆಳಗಿನಿಂದ ತರುವವನು ಒಬ್ಬ, ಅರೆದು ಕರಗಿಸುವವನು ಇನ್ನೊಬ್ಬ, ಕೊಳ್ಳುವವನು ಮತ್ತೊಬ್ಬ. ಪಂಜಾಬಿನಿಂದ ಕಾವಲುಗಾರರನ್ನು ತರಿಸಿದ್ದರು, ಮೈ ತಡಕುತ್ತಿದ್ದರು, ಅದಿರಿನ ಚೂರು ಸಿಕ್ಕರೆ ಜೈಲಿಗೆ ಕಳಿಸುವ ಕಾನೂನನ್ನು ಸಂಸ್ಥಾನದಿಂದ ಮಾಡಿಸಿಕೊಂಡಿದ್ದರು. ಆದರೂ ಒಂದು ಗಣಿಯಲ್ಲಿ ಹೆಸರು ಹೊಡೆಸಿಕೊಂಡವನು ಬೇರೆ ಹೆಸರಿನಲ್ಲಿ ಪಕ್ಕದ ಗಣಿ ಸೇರಿಬಿಡಬಹುದಿತ್ತು. ಹೆಸರು ಬದಲಾಗುತ್ತದೆ, ಬೆರಳು ಬದಲಾಗುವುದಿಲ್ಲ. ಪ್ರತಿಯೊಬ್ಬನೂ ಹೆಬ್ಬೆಟ್ಟೊತ್ತಿ ನೋಂದಾಯಿಸಿಕೊಳ್ಳಬೇಕು, ಆಮೇಲೆ ಕೆಲಸ ಎಂದರು. ಅಂದರೆ ಕೆಲಸ ಉಳಿಸಿಕೊಳ್ಳಬೇಕಾದರೆ ತಾನು ಆ ಕಳ್ಳರ ಕೂಟದವನಲ್ಲ ಎಂದು ಕಾಗದದ ಮೇಲೆ ತೋರಿಸಿಕೊಡಬೇಕು.

ಇಲ್ಲಿ ‘ಗ್ಯಾಂಗ್’ ಎಂಬ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಮಾಲೂರು, ಟೇಕಲ್, ಬಂಗಾರಪೇಟೆಯ ರೈಲುದಾರಿಯ ಊರುಗಳಲ್ಲಿ ಗ್ಯಾಂಗ್‌ಮನ್ ಎಂದರೆ ಹಳಿ ನೋಡಿಕೊಳ್ಳುವ ಮರ್ಯಾದಸ್ಥ ಸರಕಾರಿ ನೌಕರ. ಒಟ್ಟಿಗೆ ದುಡಿಯುವ ಗುಂಪಿಗೂ ಗ್ಯಾಂಗ್ ಎಂದೇ ಹೆಸರು. ಪೊಲೀಸರ ಬಾಯಲ್ಲಿ ಅದೇ ಮಾತು ಕಳ್ಳರ ಗುಂಪಾಗುತ್ತದೆ. ಬ್ರಿಟಿಷರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1871ರಲ್ಲಿ ಬಂದಾಗ ಬುಡಕಟ್ಟು, ಗ್ಯಾಂಗ್, ವರ್ಗ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿತು. ಹುಟ್ಟಿನಿಂದ ಬಂದ ಜಾತಿಯೂ ಕಳ್ಳತನಕ್ಕೆಂದು ಕಟ್ಟಿಕೊಂಡ ಕೂಟವೂ ಕಾನೂನಿನ ಕಣ್ಣಿಗೆ ಒಂದೇ ಆಯಿತು. 1911ರಲ್ಲಿ ಅದು ಮದ್ರಾಸು ಪ್ರಾಂತ್ಯಕ್ಕೂ ಹಬ್ಬಿತು. ಪಟ್ಟಿಯಲ್ಲಿದ್ದವರ ಬೆರಳಚ್ಚು ತೆಗೆಯುವ ಅಧಿಕಾರವೂ ಬಂತು. ಮೈಸೂರು ಸಂಸ್ಥಾನವೂ ಅದೇ ಮಾದರಿಯ ಕಾನೂನು ಮಾಡಿಕೊಂಡಿತು.

ಇದರ ಪೆಟ್ಟು ತಿಂದವರಲ್ಲಿ ಕೊರಮ, ಕೊರಚರು ಮೊದಲಿಗರು. ಅವರಲ್ಲಿ ಉಪ್ಪು ಕೊರವರೆಂಬ ಒಂದು ಪಂಗಡದ ಹೆಸರೇ ಅವರ ಕಸುಬನ್ನು ಹೇಳುತ್ತದೆ. ಎತ್ತು, ಕತ್ತೆಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತಂದು, ಧಾನ್ಯ ಹೇರಿಕೊಂಡು ಹಿಂತಿರುಗುತ್ತಿದ್ದರು. ಉಪ್ಪಿನ ಮೇಲೆ ಸರಕಾರ ಹಿಡಿತ ಸಾಧಿಸಿತು, ರೈಲು ಬಂತು, ವ್ಯಾಪಾರ ಹೋಯಿತು. ಅಲೆದಾಟ ಮಾತ್ರ ಉಳಿಯಿತು, ಆ ಅಲೆದಾಟವೇ ಅನುಮಾನಕ್ಕೆ ಕಾರಣವಾಯಿತು. ಈಚಲು ಗರಿಯ ಚಾಪೆ, ಬಿದಿರ ಬುಟ್ಟಿ ಹೆಣೆದು ಸಂತೆಗೆ ಹೊರಟರೂ ಪಟ್ಟಿಯಲ್ಲಿದ್ದವನು ಠಾಣೆಗೆ ತಿಳಿಸಿ, ಚೀಟಿ ಪಡೆದು ಹೋಗಬೇಕು. ಹಾಜರಿ ತಪ್ಪಿದರೆ ಅದೇ ಒಂದು ಅಪರಾಧ. ನಾವೋ, 1942ರಲ್ಲಿ ‘ಕೊರವಂಜಿ’ ಎಂದೇ ಒಂದು ಹಾಸ್ಯ ಪತ್ರಿಕೆಗೆ ಹೆಸರಿಟ್ಟುಕೊಂಡು ನಕ್ಕೆವು. ಕಣಿ ಹೇಳುವ ಆ ಹೆಂಗಸಿನ ಗಂಡ ಅದೇ ಹೊತ್ತಿಗೆ ಯಾವುದೋ ಠಾಣೆಯ ಮುಂದೆ ಹಾಜರಿಗೆ ನಿಂತಿರಬಹುದು ಎಂದು ಯಾರಿಗೂ ಹೊಳೆದಿರಲಾರದು.

‘ನನಗೂ ಆ ಗುಂಪಿಗೂ ಸಂಬಂಧವಿಲ್ಲ’ ಎಂದು ಅವನು ಬರೆದುಕೊಡಬಹುದಿತ್ತೇ? ಬರೆದುಕೊಟ್ಟರೂ ಯಾರಿಂದ ಕಡಿದುಕೊಂಡ ಹಾಗೆ? ಅಪ್ಪನಿಂದಲೇ, ಅಣ್ಣತಮ್ಮಂದಿರಿಂದಲೇ?

ಸಂಬಂಧ ಕಡಿದುಕೊಳ್ಳುವ ಮಾತಿಗೆ ಅರ್ಥವಿದ್ದ ಒಂದು ಉದಾಹರಣೆ ದೂರದ ನ್ಯೂಯಾರ್ಕಿನದು. ಅಲ್ಲಿ ಅಂಗಡಿ, ಹೋಟೆಲುಗಳ ಕಸ ಸಾಗಿಸುವ ದಂಧೆ ದಶಕಗಳ ಕಾಲ ಮಾಫಿಯಾ ಹಿಡಿತದ ಸಂಘಗಳ ಕೈಯಲ್ಲಿತ್ತು. ಯಾವ ಅಂಗಡಿಯ ಕಸ ಯಾರದೆಂದು ಸಂಘವೇ ಹಂಚುತ್ತಿತ್ತು. 1993ರಲ್ಲಿ ಹೊರಗಿನ ದೊಡ್ಡ ಕಂಪನಿಯೊಂದು ಒಳಹೊಕ್ಕಾಗ ಅದರ ಅಧಿಕಾರಿಯೊಬ್ಬನ ಮನೆ ಮುಂದೆ ನಾಯಿಯ ಕಡಿದ ತಲೆಯೊಂದು ಬಂದು ಬಿತ್ತು, ಬಾಯಲ್ಲಿ ‘ನ್ಯೂಯಾರ್ಕಿಗೆ ಸ್ವಾಗತ’ ಎಂಬ ಚೀಟಿ. 1996ರಲ್ಲಿ ನಗರಾಡಳಿತ ಹೊಸ ಕಾನೂನು ಮಾಡಿ, ಕಸ ಸಾಗಿಸಲು ಲೈಸೆನ್ಸ್ ಬೇಕು, ಮಾಫಿಯಾದವರೊಂದಿಗೆ ತಿಳಿದೂ ವ್ಯವಹಾರ ಇಟ್ಟುಕೊಂಡವರಿಗೆ ಅದನ್ನು ನಿರಾಕರಿಸಬಹುದು ಎಂದಿತು. ಅಲ್ಲೂ ಹಳೆಯ ಸಂಘದ ಸದಸ್ಯತ್ವವೇ ಕೆಲವರಿಗೆ ಮುಳುವಾಯಿತು. ಹೆದರಿ ಸೇರಿದವನನ್ನೂ ಲಾಭಕ್ಕೆ ಸೇರಿದವನನ್ನೂ ಬೇರ್ಪಡಿಸಿ ನೋಡುವುದು ಸುಲಭವಲ್ಲ. ಆದರೂ ಆ ಸಂಘಕ್ಕೆ ರಾಜೀನಾಮೆ ಕೊಡಬಹುದಿತ್ತು. ಸೇರಿದ್ದು ಒಂದು ಕೃತ್ಯ, ಬಿಟ್ಟದ್ದೂ ಒಂದು ಕೃತ್ಯ.

ಗಣಿಯ ಕಾರ್ಮಿಕನ ಸ್ಥಿತಿ ಈ ಎರಡರ ನಡುವಿನದು. ಅವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ದಲಿತರು. ಬೆರಳಚ್ಚು ಎಂದರೆ ಪೊಲೀಸ್ ಕಡತ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆದದ್ದೇ ಅಪರಾಧಿಗಳನ್ನು ಗುರುತಿಸಲು. ಇನ್ನೊಂದು ಚಿನ್ನದ ನಾಡಾದ ಟ್ರಾನ್ಸ್‌ವಾಲಿನಲ್ಲಿಯೂ ಭಾರತೀಯರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದಾಗಲೇ ಗಾಂಧೀಜಿಯ ಸತ್ಯಾಗ್ರಹ ಹುಟ್ಟಿದ್ದು. 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನ ಮಸೀದಿಯ ಅಂಗಳದಲ್ಲಿ ನೋಂದಣಿ ಪತ್ರಗಳನ್ನು ರಾಶಿ ಹಾಕಿ ಸುಟ್ಟರು. ಆ ಹೋರಾಟದಲ್ಲಿ ಜೈಲಿಗೆ ಹೋದವರಲ್ಲಿ ತಮಿಳರು ಬಹಳ ಮಂದಿ.

ಗಣಿಯವರು ಕಳ್ಳರ ಪರ ನಿಂತರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕದ್ದವನನ್ನು ಹಿಡಿಯಬೇಡಿ ಎಂದು ಅವರು ಹೇಳಲಿಲ್ಲ. ಕದಿಯದವನೂ ಮೊದಲು ಕಳ್ಳನ ಪುಸ್ತಕದಲ್ಲಿ ಗುರುತು ಬಿಟ್ಟು, ಆಮೇಲೆ ಒಳ್ಳೆಯವನಾಗಬೇಕು ಎನ್ನುವುದನ್ನು ಒಪ್ಪಲಿಲ್ಲ. ನೆಲದಡಿ ಸಾವಿರಾರು ಅಡಿ ಇಳಿದು, ಬಂಡೆ ಸಿಡಿತಕ್ಕೆ ಎದೆಗೊಟ್ಟು ದುಡಿಯುವವರಿಗೆ ಅದೊಂದು ಅವಮಾನ. ಕಡೆಗೆ ಹೆಬ್ಬೆಟ್ಟಿನ ಯೋಜನೆಯನ್ನು ಕೈಬಿಡಬೇಕಾಯಿತು. ಒಗ್ಗಟ್ಟಾಗಿ ಕೆಲಸ ನಿಲ್ಲಿಸುವ ಬಲ ಅವರಿಗಿತ್ತು. ಸಂತೆಯಿಂದ ಸಂತೆಗೆ ನಡೆಯುವ ಕೊರಚನು ಕೆಲಸ ನಿಲ್ಲಿಸಿದರೆ ಕೇಳುವವರು ಯಾರು?

ಅವನ ಪಾಲಿಗೆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ರಂದು. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ನಮ್ಮಲ್ಲಿ ಬಂದದ್ದು 1961ರಲ್ಲಿ. ಹೊಸ ಕಾಯ್ದೆಯಲ್ಲಿ ಜಾತಿಯ ಹೆಸರಿಲ್ಲ, ಶಿಕ್ಷೆಯಾದವನ ಲೆಕ್ಕ ಮಾತ್ರ ಎಂಬುದು ನಿಜ. ಆದರೆ ಜೈಲುಗಳ ರಿಜಿಸ್ಟರಿನಲ್ಲಿದ್ದ ಜಾತಿಯ ಕಾಲಂ ಅಳಿಸಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರ್ 3ರಂದು.