ಹೊಳೆ ದಾಸವಾಳದ ಹೆಸರು

ಮಗುವಿಗೆ ಹೆಸರಿಡುವಾಗ ನಾವು ಎಷ್ಟೊಂದು ವಿಚಾರಿಸುತ್ತೇವೆ! ಮನೆದೇವರ ಹೆಸರೋ, ಅಜ್ಜಿಯ ಹೆಸರೋ, ನಕ್ಷತ್ರಕ್ಕೆ ಹೊಂದುವ ಅಕ್ಷರವೋ, ಅದರ ಅರ್ಥವೇನೋ ಎಂದೆಲ್ಲ ಕೇಳಿಯೇ ಮಗುವನ್ನು ತೊಟ್ಟಿಲಿಗೆ ಹಾಕುವುದು. ಆದರೆ ಮನೆಯ ಮುಂದೆ ನಿಂತ ಮರದ ಹೆಸರನ್ನು ಯಾರೂ ಕೇಳುವುದಿಲ್ಲ. ‘ಅದೋ, ಆ ನೇರಳೆ ಬಣ್ಣದ ಹೂವಿನ ಮರ’ ಎಂದು ಸುಮ್ಮನಾಗುತ್ತೇವೆ.

ಏಪ್ರಿಲ್‌ನಿಂದ ಜೂನ್‌ವರೆಗೆ ನಮ್ಮ ಜಯನಗರ, ಬನಶಂಕರಿ, ಜೆ.ಪಿ. ನಗರದ ಬೀದಿಗಳಲ್ಲಿ ಅಂಥ ಹೂವನ್ನು ಗೊಂಚಲು ಗೊಂಚಲಾಗಿ ಹೊತ್ತು ನಿಲ್ಲುವ ಮರವೊಂದಿದೆ. ಕನ್ನಡದಲ್ಲಿ ಅದಕ್ಕೆ ಹೊಳೆ ದಾಸವಾಳ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದರ ಬಳಗಕ್ಕೆಲ್ಲ ‘ಕ್ರೇಪ್ ಮರ್ಟಲ್’ ಎಂಬ ಹೆಸರು. ವಿಚಿತ್ರವೆಂದರೆ, ಈ ಮರ ದಾಸವಾಳವೂ ಅಲ್ಲ, ಮರ್ಟಲ್ ಕೂಡ ಅಲ್ಲ.

ಇಂಗ್ಲಿಷ್ ಪದ್ಯಗಳಲ್ಲಿ ಮರ್ಟಲ್ ಬಂದಾಗಲೆಲ್ಲ ತರಗತಿಯಲ್ಲಿ ಮಕ್ಕಳು ‘ಹಾಗಂದ್ರೇನು ಮಿಸ್?’ ಎಂದು ಕೇಳುತ್ತಿದ್ದರು. ಅದು ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡುಗಳ ಪೊದೆ. ಬಿಳಿಯ ಹೂವು, ಕಪ್ಪುನೀಲಿ ಹಣ್ಣು, ಹೊಸಕಿದರೆ ಘಮಘಮಿಸುವ ಎಲೆ. ಗ್ರೀಕರು ಅದನ್ನು ‘ಮಿರ್ಟೋಸ್’ ಎಂದು ಕರೆದು, ಪ್ರೇಮದೇವತೆ ಅಫ್ರೊಡೈಟೆಗೆ ಮೀಸಲಿಟ್ಟರು. ಯಹೂದಿಯರ ಭಾಷೆಯಲ್ಲಿ ಅದು ‘ಹದಸ್’. ಬೈಬಲ್ಲಿನ ರಾಣಿ ಎಸ್ತರಳ ಇನ್ನೊಂದು ಹೆಸರಾದ ಹದಸ್ಸಾ ಈ ಗಿಡದಿಂದಲೇ ಬಂದದ್ದು. ನಮ್ಮಲ್ಲಿ ಮಲ್ಲಿಗೆ, ಸಂಪಿಗೆಯ ಹೆಸರುಗಳನ್ನು ಹೆಣ್ಣುಮಕ್ಕಳಿಗೆ ಇಡುವುದಿಲ್ಲವೇ, ಹಾಗೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಹಿರಿಮಗಳು 1858ರಲ್ಲಿ ಮದುವೆಯಾದಾಗ ಅವಳ ಹೂಗುಚ್ಛದಲ್ಲೂ ಮರ್ಟಲ್ ಇತ್ತು. ಅಂದರೆ ನಮ್ಮ ಮದುವೆಯ ಮಾವಿನ ತೋರಣದ ಹಾಗೆ ಅದೂ ಒಂದು ಮಂಗಳದ ಎಲೆ.

ಈ ಮರ್ಟಲ್ ಕುಟುಂಬದ ನಿಜವಾದ ನೆಂಟರು ನಮ್ಮ ಮನೆಯ ಹತ್ತಿರವೇ ಇದ್ದಾರೆ. ನೇರಳೆ, ಪನ್ನೇರಳೆ, ಸೀಬೆ, ಅಡುಗೆಮನೆಯ ಡಬ್ಬಿಯ ಲವಂಗ, ನೆಗಡಿಗೆ ಹಚ್ಚುವ ನೀಲಗಿರಿ, ಎಲ್ಲವೂ ಅದೇ ಕುಟುಂಬದವು. ಸೀಬೆಯ ಎಲೆಯನ್ನು ಹೊಸಕಿ ಮೂಸಿ ನೋಡಿ, ನೆಂಟಸ್ತಿಕೆ ಮೂಗಿಗೇ ತಿಳಿಯುತ್ತದೆ. ನೇರಳೆಗೆ ಸಂಸ್ಕೃತದಲ್ಲಿ ಜಂಬೂ ಎನ್ನುತ್ತಾರೆ. ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಹೇಳುವ ಜಂಬೂದ್ವೀಪ ಆ ಮರದ ಹೆಸರನ್ನೇ ಹೊತ್ತಿದೆ.

ಹೊಳೆ ದಾಸವಾಳದ ಕುಟುಂಬವೇ ಬೇರೆ. ಕೈಗೆ ಹಚ್ಚುವ ಗೋರಂಟಿ ಅದರ ಸ್ವಂತ ಬಳಗ, ದಾಳಿಂಬೆಯೂ ಹೌದು. ಇಲ್ಲೊಂದು ತಮಾಷೆ ನೋಡಿ. ಹಿಂದಿಯವರು ನಿಜವಾದ ಮರ್ಟಲ್ ಗಿಡಕ್ಕೆ ‘ವಿಲಾಯತಿ ಮೆಹಂದಿ’ ಎನ್ನುತ್ತಾರೆ. ಅತ್ತ ಇಂಗ್ಲಿಷರು ಮೆಹಂದಿಯ ಬಳಗದ ಮರವನ್ನು ಮರ್ಟಲ್ ಎಂದರು. ಎರಡು ಕಡೆಯವರೂ ಕಾಣದ ಗಿಡಕ್ಕೆ ಕಂಡ ಗಿಡದ ಹೆಸರಿಟ್ಟರು. ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ಹೂವು ಕಣ್ಣಿಗೆ ದಾಸವಾಳದಂತೆ ಕಂಡಿತು, ದಾಸವಾಳ ಎಂದರು. ಸುಕ್ಕುಸುಕ್ಕಾದ ಎಸಳು ಇಂಗ್ಲಿಷರಿಗೆ ಕ್ರೇಪ್ ಬಟ್ಟೆಯಂತೆ ಕಂಡಿತು. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಹೊಸ ಸೊಸೆಯನ್ನು ನೋಡಿ ‘ಥೇಟ್ ನಮ್ಮ ಅತ್ತಿಗೆಯ ಹಾಗೇ ಇದ್ದಾಳೆ’ ಅನ್ನುವುದಿಲ್ಲವೇ? ಪರಿಚಯ ಬೆಳೆಯುವುದು ಹಾಗೆಯೇ.

ಶಾಸ್ತ್ರದ ಹೆಸರಿನ ಕಥೆ ಇನ್ನೊಂದು. ಸ್ವೀಡನ್ನಿನ ಲಿನೇಯಸ್ 1759ರಲ್ಲಿ ಈ ಬಳಗಕ್ಕೆ ‘ಲ್ಯಾಗರ್‌ಸ್ಟ್ರೋಮಿಯಾ’ ಎಂದು ಹೆಸರಿಟ್ಟ. ಅದು ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕನಾಗಿದ್ದ, ಅವನಿಗೆ ಪೂರ್ವದೇಶಗಳ ಗಿಡಗಳನ್ನು ಒದಗಿಸುತ್ತಿದ್ದ ಗೆಳೆಯ ಮ್ಯಾಗ್ನಸ್ ಫಾನ್ ಲ್ಯಾಗರ್‌ಸ್ಟ್ರೋಮ್‌ನ ಹೆಸರು. ಉಪಕಾರ ಸ್ಮರಣೆಯೇನೋ ಸರಿ, ಆದರೆ ಆ ಹೆಸರಿನಲ್ಲಿ ಮರದ ಬಗ್ಗೆ ಒಂದು ಮಾತೂ ಇಲ್ಲ.

ಕನ್ನಡದ ಹೆಸರಿನಲ್ಲಿ ಇದೆ. ಪಶ್ಚಿಮಘಟ್ಟದ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುವ ಮರವಿದು. ಹೂವಿನ ಹೋಲಿಕೆ ಏನೇ ಇರಲಿ, ‘ಹೊಳೆ’ ಎಂಬ ಎರಡಕ್ಷರ ಅದರ ತವರನ್ನು ಮರೆಯದೆ ಹೇಳುತ್ತದೆ. ಬಿ.ಟಿ.ಎಂ. ಎಂಬ ಮೂರಕ್ಷರವನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಸಿಗುತ್ತವಲ್ಲ, ಅದರೊಳಗೊಂದು ತಾವರೆ, ಒಂದು ಕೆರೆ! ಹೆಸರು ಬಿಡಿಸಿದವರಿಗಷ್ಟೇ ಅವು ಕಾಣುತ್ತವೆ. ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿ ಈಗ ಮೋರಿಯಾಗಿದೆ. ಹೊಳೆಯನ್ನು ಕಳೆದುಕೊಂಡ ಊರಿನಲ್ಲಿ ಹೊಳೆಯ ಹೆಸರನ್ನು ಉಳಿಸಿಕೊಂಡ ಮರ ಹೂ ಬಿಡುತ್ತಿದೆ.

2009ರಲ್ಲಿ ಮೆಟ್ರೋಗಾಗಿ ಜಯನಗರದ ನಂದಾ ರಸ್ತೆಯಲ್ಲಿ, ಲಕ್ಷ್ಮಣರಾವ್ ಉದ್ಯಾನದಲ್ಲಿ ಮರಗಳನ್ನು ಕಡಿದರು. ಜನ ಬೀದಿಗಿಳಿದು ಪ್ರತಿಭಟಿಸಿದರು. ಇಂದು ನಾವೆಲ್ಲ ಅದೇ ಮೆಟ್ರೋದಲ್ಲಿ ಓಡಾಡುತ್ತೇವೆ, ಅದೂ ಬೇಕಾದದ್ದೇ. ಆದರೆ ಸುದ್ದಿಯಲ್ಲಿ ‘ಇಷ್ಟು ಮರಗಳು’ ಎಂಬ ಲೆಕ್ಕ ಓದಿದಾಗಲೆಲ್ಲ ನನಗೆ ಹಾಜರಿ ಪುಸ್ತಕ ನೆನಪಾಗುತ್ತದೆ. ಒಟ್ಟು ಎಷ್ಟು ಮಕ್ಕಳು ಎಂಬುದು ಕಚೇರಿಗೆ ಸಾಕು, ಟೀಚರಿಗೆ ಸಾಲದು. ಹೆಸರು ಕೂಗಿದಾಗಲೇ ಯಾರು ಬಂದಿಲ್ಲ ಎಂದು ತಿಳಿಯುವುದು.

ನಿಮ್ಮ ಬೀದಿಯ ಮರಗಳ ಹೆಸರನ್ನು ಮೊಮ್ಮಕ್ಕಳಿಗೆ ಹೇಳಿಕೊಡಿ. ಲ್ಯಾಟಿನ್ ಬರದಿದ್ದರೆ ಚಿಂತೆಯಿಲ್ಲ, ಹೊಳೆ ದಾಸವಾಳ ಎಂದರೆ ಸಾಕು. ‘ಹೊಳೆ ಎಲ್ಲಿದೆ ಅಜ್ಜಿ?’ ಎಂದು ಮಗು ಕೇಳಿದರೆ, ವೃಷಭಾವತಿಯ ಕಥೆಯನ್ನೂ ಹೇಳಬೇಕಾಗುತ್ತದೆ.